ಗಿರಾಕಿಯ ಹಣ, ಸರಬರಾಜುದಾರನ ಕಾಲ

ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲೇ ಇರುವ ಹೆಗ್ಗನಹಳ್ಳಿಯಲ್ಲಿ ಮನೆ ಯಾವುದು, ಕಾರ್ಖಾನೆ ಯಾವುದು ಎಂದು ಹೊಸಬರಿಗೆ ಥಟ್ಟನೆ ತಿಳಿಯುವುದಿಲ್ಲ. ಕೆಳಗೆ ಲೇತು, ಮೇಲೆ ಸಂಸಾರ. ಒಂದು ಶೆಡ್ಡಿನಲ್ಲಿ ತಗಡು ಒತ್ತುವ ಪ್ರೆಸ್ಸು, ಅದರ ಪಕ್ಕದಲ್ಲಿ ಬಣ್ಣ ಹಾಕುವ ಘಟಕ, ಅದರಾಚೆ ಹೊಲಿಗೆ ಯಂತ್ರಗಳ ಸಾಲು. ಈ ಪುಟ್ಟ ಕಾರ್ಖಾನೆಗಳಲ್ಲಿ ಹೆಚ್ಚಿನವು ಪಾಲಿಸುವ ನಿಯಮ ಒಂದೇ: ಆರ್ಡರು ಬಂದ ಮೇಲೆಯೇ ಕೆಲಸ. ಮಾಲು ಮಾಡಿ ಗೋದಾಮಿನಲ್ಲಿ ತುಂಬಿಟ್ಟುಕೊಂಡು ಗಿರಾಕಿಗೆ ಕಾಯುವಷ್ಟು ಜಾಗವೂ ಇಲ್ಲ, ಬಂಡವಾಳವೂ ಇಲ್ಲ.

ಇದೇ ನಿಯಮವನ್ನು ಹಿಡಿದು ಅಮೆರಿಕದ ಒಂದು ಕಂಪ್ಯೂಟರ್ ಕಂಪೆನಿ 1990ರ ದಶಕದಲ್ಲಿ ಷೇರುಪೇಟೆಯನ್ನೇ ಬೆರಗುಗೊಳಿಸಿತು. ಅದರ ಹೆಸರು ಡೆಲ್. ಅಂಗಡಿಯಿಲ್ಲ, ಮಧ್ಯವರ್ತಿಯಿಲ್ಲ, ಗಿರಾಕಿ ಕೇಳಿದ ಮೇಲೆ ಯಂತ್ರ ಜೋಡಿಸಿ ನೇರವಾಗಿ ಅವನ ಮನೆಗೇ ಕಳಿಸುವುದು ಅದರ ಕ್ರಮ. ಈ ಕ್ರಮಕ್ಕೆ ಎಷ್ಟು ಬೆಲೆ ಕಟ್ಟಬಹುದು ಎಂಬ ಬಗ್ಗೆ ಹೂಡಿಕೆದಾರರು ಸುಮಾರು ಇಪ್ಪತ್ತೈದು ವರ್ಷ ಜಗಳವಾಡಿದರು. ಕೊನೆಗೆ ಆ ಜಗಳ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು.

ಇಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಆರ್ಡರು ಬಂದ ಮೇಲೆ ತಯಾರಿಸುವ ನಿಯಮ ಡೆಲ್ ಕಂಪೆನಿಯನ್ನು ಅಷ್ಟು ಶ್ರೀಮಂತಗೊಳಿಸಿತಾದರೆ, ಹೆಗ್ಗನಹಳ್ಳಿಯ ಲೇತ್ ಮಾಲೀಕನನ್ನು ಏಕೆ ಶ್ರೀಮಂತನನ್ನಾಗಿ ಮಾಡಲಿಲ್ಲ? ಡೆಲ್ ಅಷ್ಟು ಬೆಳೆದರೂ ಅದರ ಷೇರು ಕೊಂಡವರಲ್ಲಿ ಅನೇಕರು ಏಕೆ ಹಣ ಕಳೆದುಕೊಂಡರು? ಎರಡಕ್ಕೂ ಉತ್ತರ ಸಿಗುವುದು ಸರಳವಾದ ಕೂಡುವ ಕಳೆಯುವ ಲೆಕ್ಕದಲ್ಲಿ.

ಸಾವಿರ ಡಾಲರ್ ಬಂಡವಾಳ

1984ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್ಸಿನಲ್ಲಿ ಓದುತ್ತಿದ್ದ 19 ವರ್ಷದ ಮೈಕೆಲ್ ಡೆಲ್ ಎಂಬ ಹುಡುಗ, ಒಂದು ಸಾವಿರ ಡಾಲರ್ ಹಾಕಿ ಪಿಸೀಸ್ ಲಿಮಿಟೆಡ್ ಎಂಬ ಹೆಸರಿನಲ್ಲಿ ವ್ಯಾಪಾರ ಆರಂಭಿಸಿದ. ಹಾಸ್ಟೆಲ್ ಕೋಣೆಯಲ್ಲೇ ಕಂಪ್ಯೂಟರುಗಳಿಗೆ ಹೆಚ್ಚುವರಿ ಬಿಡಿಭಾಗ ಹಾಕಿ ಮಾರುವುದರಿಂದ ಶುರುವಾದ ಕೆಲಸ ಅದು. ಕಂಪ್ಯೂಟರಿನ ಬಿಡಿಭಾಗಗಳ ಬೆಲೆಗೂ ಅಂಗಡಿಯಲ್ಲಿ ಮಾರುವ ಯಂತ್ರದ ಬೆಲೆಗೂ ಭಾರಿ ಅಂತರವಿದೆ ಎಂಬುದನ್ನು ಅವನು ಗಮನಿಸಿದ್ದ. ಆ ಅಂತರದ ದೊಡ್ಡ ಪಾಲು ಅಂಗಡಿಯವರಿಗೆ ಹೋಗುತ್ತಿತ್ತು. ಅಂಗಡಿಯನ್ನೇ ತೆಗೆದುಹಾಕಿ ದೂರವಾಣಿಯಲ್ಲಿ ಆರ್ಡರು ಪಡೆದರೆ ಆ ಪಾಲನ್ನು ಗಿರಾಕಿ ಮತ್ತು ತಯಾರಕ ಇಬ್ಬರೂ ಹಂಚಿಕೊಳ್ಳಬಹುದು ಎಂಬುದೇ ಅವನ ಯೋಚನೆ.

1988ರ ಜೂನ್‌ನಲ್ಲಿ ಕಂಪೆನಿ ಷೇರುಪೇಟೆಗೆ ಬಂತು. ಒಂದು ಷೇರಿಗೆ ಎಂಟೂವರೆ ಡಾಲರ್. ಸಂಗ್ರಹವಾದ ಹಣ 3 ಕೋಟಿ ಡಾಲರ್.

ಮುಂದಿನ ದಾರಿ ನೆಟ್ಟಗಿರಲಿಲ್ಲ. 1989ರಲ್ಲಿ ಕಂಪೆನಿ ಅಗತ್ಯಕ್ಕಿಂತ ಹೆಚ್ಚು ಮೆಮೊರಿ ಚಿಪ್‌ಗಳನ್ನು ಕೊಂಡು ರಾಶಿ ಹಾಕಿಕೊಂಡಿತು. ಚಿಪ್ಪಿನ ಬೆಲೆ ಕುಸಿಯಿತು, ಕೈ ಸುಟ್ಟಿತು. 1990ರ ನಂತರ ಎಲ್ಲರಂತೆ ದೊಡ್ಡ ಮಳಿಗೆಗಳಲ್ಲೂ ಮಾರಾಟ ಮಾಡಿ ನೋಡಿತು. ಸರಕು ಹೋಯಿತೇ ಹೊರತು ಲಾಭ ಬರಲಿಲ್ಲ. 1994ರ ಜನವರಿಗೆ ಮುಗಿದ ಲೆಕ್ಕವರ್ಷದಲ್ಲಿ ಸುಮಾರು 3.6 ಕೋಟಿ ಡಾಲರ್ ನಷ್ಟವಾಯಿತು. ಆ ವರ್ಷವೇ ಕಂಪೆನಿ ಮಳಿಗೆಗಳಿಂದ ಹೊರಬಂದು ನೇರ ಮಾರಾಟಕ್ಕೆ ಮರಳಿತು. 1996ರಲ್ಲಿ ಅಂತರ್ಜಾಲದ ಮೂಲಕ ಆರ್ಡರು ಪಡೆಯಲು ಶುರುಮಾಡಿತು. ಮರುವರ್ಷದ ಆರಂಭದಲ್ಲೇ ಅಂತರ್ಜಾಲದ ಮಾರಾಟ ದಿನಕ್ಕೆ 10 ಲಕ್ಷ ಡಾಲರ್ ಮುಟ್ಟಿತು.

ಸೊಪ್ಪಿನ ವ್ಯಾಪಾರದಂಥದ್ದು

ಕಂಪ್ಯೂಟರ್ ತಯಾರಿಕೆ ಮೇಲ್ನೋಟಕ್ಕೆ ಕಬ್ಬಿಣದ ವ್ಯಾಪಾರದಂತೆ ಕಂಡರೂ ನಿಜದಲ್ಲಿ ಅದು ಸೊಪ್ಪಿನ ವ್ಯಾಪಾರ. ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಬೆಳಿಗ್ಗೆ ಬಂದ ದಂಟಿನ ಕಟ್ಟು ಸಂಜೆಗೆ ಬಾಡುತ್ತದೆ, ಬೆಲೆ ಇಳಿಯುತ್ತದೆ. ಪ್ರೊಸೆಸರ್, ಮೆಮೊರಿ, ಹಾರ್ಡ್ ಡಿಸ್ಕ್‌ಗಳೂ ಆ ವರ್ಷಗಳಲ್ಲಿ ಹಾಗೆಯೇ ಬಾಡುತ್ತಿದ್ದವು. ಕೆಲವೇ ತಿಂಗಳಲ್ಲಿ ಹೊಸ ಚಿಪ್ಪು ಬಂದು ಹಳೆಯದನ್ನು ಅಗ್ಗ ಮಾಡುತ್ತಿತ್ತು.

ಕಾಂಪ್ಯಾಕ್‌ನಂಥ ಕಂಪೆನಿ ಯಂತ್ರಗಳನ್ನು ಮೊದಲೇ ತಯಾರಿಸಿ ವಿತರಕರಿಗೆ ಕಳಿಸಬೇಕಿತ್ತು. ವಿತರಕನಿಂದ ಅಂಗಡಿಗೆ, ಅಂಗಡಿಯಿಂದ ಗಿರಾಕಿಗೆ ಹೋಗುವ ಹೊತ್ತಿಗೆ ವಾರಗಳು ಕಳೆಯುತ್ತಿದ್ದವು. ಅಷ್ಟರಲ್ಲಿ ಬೆಲೆ ಇಳಿದರೆ ಆ ನಷ್ಟವನ್ನು ಯಾರಾದರೂ ಭರಿಸಲೇಬೇಕು. ಡೆಲ್ ಮಾತ್ರ ಗಿರಾಕಿಯ ಆರ್ಡರು ಕೈಗೆ ಬಂದ ಮೇಲೆ ಬಿಡಿಭಾಗ ತರಿಸಿಕೊಳ್ಳುತ್ತಿತ್ತು. ಬಿಡಿಭಾಗ ಒದಗಿಸುವವರು ಕಾರ್ಖಾನೆಯ ಸಮೀಪದಲ್ಲೇ ಗೋದಾಮು ಇಟ್ಟುಕೊಳ್ಳಬೇಕೆಂಬ ಕಟ್ಟಳೆಯನ್ನೂ ಮಾಡಿತು. ಅಲ್ಲಿರುವ ಸರಕು ಡೆಲ್ ಅಂಗಳಕ್ಕೆ ಬರುವವರೆಗೂ ಸರಬರಾಜುದಾರನದೇ. ಮಾನಿಟರ್‌ಗಳಂತೂ ಅನೇಕ ವೇಳೆ ಡೆಲ್ ಕಾರ್ಖಾನೆಯನ್ನು ಹೊಕ್ಕುತ್ತಲೇ ಇರಲಿಲ್ಲ. ತಯಾರಕರಿಂದ ಸಾಗಣೆದಾರರು ಎತ್ತಿಕೊಂಡು, ಉಳಿದ ಪೆಟ್ಟಿಗೆಯೊಂದಿಗೆ ಸೇರಿಸಿ ನೇರವಾಗಿ ಗಿರಾಕಿಗೆ ಮುಟ್ಟಿಸುತ್ತಿದ್ದರು.

ಬೆಂಗಳೂರಿನವರಿಗೆ ಇದು ತೀರಾ ಅಪರಿಚಿತವೇನಲ್ಲ. 1990ರ ದಶಕದಲ್ಲಿ ಎಸ್.ಪಿ. ರಸ್ತೆಯಲ್ಲಿ ‘ಅಸೆಂಬಲ್’ ಮಾಡಿಸಿದ ಕಂಪ್ಯೂಟರ್ ಕೊಂಡವರಿಗೆ ಕ್ರಮ ಗೊತ್ತು. ಯಾವ ಪ್ರೊಸೆಸರ್, ಎಷ್ಟು ಮೆಮೊರಿ ಎಂದು ಚೀಟಿಯಲ್ಲಿ ಬರೆಸಿ, ಮುಂಗಡ ಕೊಟ್ಟರೆ, ಅಂಗಡಿಯವನು ಅಕ್ಕಪಕ್ಕದ ಅಂಗಡಿಗಳಿಂದ ಬಿಡಿಭಾಗ ತರಿಸಿ ಜೋಡಿಸಿಕೊಡುತ್ತಿದ್ದ. ಡೆಲ್ ಮಾಡಿದ್ದೂ ಇದೇ ಕೆಲಸವನ್ನು. ಆದರೆ ಲಕ್ಷಾಂತರ ಯಂತ್ರಗಳ ಪ್ರಮಾಣದಲ್ಲಿ, ಒಪ್ಪಂದ ಮತ್ತು ಶಿಸ್ತಿನೊಂದಿಗೆ ಮಾಡಿತು.

ಮೂರು ಸಂಖ್ಯೆಗಳ ಲೆಕ್ಕ

ಯಾವುದೇ ತಯಾರಿಕಾ ವ್ಯವಹಾರದ ಆರೋಗ್ಯ ತಿಳಿಯಲು ಮೂರು ಸಂಖ್ಯೆಗಳನ್ನು ನೋಡಬೇಕು. ಒಂದು, ಸರಕು ಎಷ್ಟು ದಿನ ದಾಸ್ತಾನಿನಲ್ಲಿ ಕೂರುತ್ತದೆ. ಎರಡು, ಮಾರಿದ ಮೇಲೆ ಗಿರಾಕಿಯಿಂದ ಹಣ ಬರಲು ಎಷ್ಟು ದಿನ ಬೇಕು. ಮೂರು, ಕಚ್ಚಾ ಸಾಮಗ್ರಿ ಕೊಟ್ಟವನಿಗೆ ಎಷ್ಟು ದಿನಗಳ ನಂತರ ಹಣ ಕೊಡಲಾಗುತ್ತದೆ. ಮೊದಲ ಎರಡನ್ನು ಕೂಡಿಸಿ ಮೂರನೆಯದನ್ನು ಕಳೆದರೆ, ಮಾಲೀಕ ತನ್ನ ಸ್ವಂತ ಹಣವನ್ನು ಎಷ್ಟು ದಿನ ವ್ಯಾಪಾರದಲ್ಲಿ ತೊಡಗಿಸಿರಬೇಕು ಎಂಬುದು ಸಿಗುತ್ತದೆ.

1996ರ ಜನವರಿಗೆ ಮುಗಿದ ಲೆಕ್ಕವರ್ಷದಲ್ಲಿ ಡೆಲ್‌ನ ದಾಸ್ತಾನು 31 ದಿನ, ಗಿರಾಕಿಯಿಂದ ಹಣ ಬರಲು 42 ದಿನ, ಸರಬರಾಜುದಾರನಿಗೆ ಕೊಡಲು 33 ದಿನ. 31ಕ್ಕೆ 42 ಕೂಡಿಸಿ 33 ಕಳೆದರೆ 40 ದಿನ. 2005ರ ಜನವರಿಗೆ ಮುಗಿದ ವರ್ಷದಲ್ಲಿ ಅದೇ ಸಂಖ್ಯೆಗಳು ಕ್ರಮವಾಗಿ 4, 32 ಮತ್ತು 73. ಈಗ ಲೆಕ್ಕ ಹಾಕಿದರೆ ಬರುವ ಉತ್ತರ ಮೈನಸ್ 37!

ಮೈನಸ್ ಎಂದರೇನು? ದಿನಕ್ಕೆ ಒಂದು ಲಕ್ಷ ರೂಪಾಯಿ ವಹಿವಾಟಿನ ಒಂದು ಕಾರ್ಖಾನೆ ಇದೆಯೆಂದು ಭಾವಿಸೋಣ. 40 ದಿನಗಳ ಚಕ್ರವಿದ್ದರೆ ಮಾಲೀಕ ಸ್ಥೂಲವಾಗಿ 40 ಲಕ್ಷ ರೂಪಾಯಿಯನ್ನು ಮನೆಯಿಂದಲೋ ಬ್ಯಾಂಕಿನಿಂದಲೋ ತಂದು ಹಾಕಿರಬೇಕು. ಚಕ್ರ ಮೈನಸ್ 37 ಆದರೆ ಅವನು ಏನನ್ನೂ ಹಾಕಬೇಕಿಲ್ಲ. ಬದಲಿಗೆ ಬೇರೆಯವರಿಗೆ ಸೇರಬೇಕಾದ 37 ಲಕ್ಷ ರೂಪಾಯಿ ಸದಾ ಅವನ ಕೈಯಲ್ಲೇ ಇರುತ್ತದೆ, ಅದೂ ಬಡ್ಡಿಯಿಲ್ಲದೆ. ವ್ಯಾಪಾರ ಎರಡು ಪಟ್ಟಾದರೆ ಆ ಮೊತ್ತ 74 ಲಕ್ಷ. ಸಾಮಾನ್ಯ ಕಾರ್ಖಾನೆಗೆ ಬೆಳೆಯಲು ಹಣ ಬೇಕು. ಈ ಬಗೆಯ ಕಾರ್ಖಾನೆಗೆ ಬೆಳೆಯುವುದರಿಂದಲೇ ಹಣ ಬರುತ್ತದೆ.

ಷೇರುಪೇಟೆ ಮರುಳಾದದ್ದು ಈ ಮೈನಸ್ ಚಿಹ್ನೆಗೆ.

ಎರಡು ಪಕ್ಷಗಳು

ಕಂಪ್ಯೂಟರ್ ಕಂಪೆನಿಗಳ ಷೇರನ್ನು ಪೇಟೆ ಮೊದಮೊದಲು ಅಗ್ಗವಾಗಿಯೇ ಇಟ್ಟಿತ್ತು. ಪೈಪೋಟಿ ಹೆಚ್ಚು, ಲಾಭದ ಅಂಚು ತೆಳು, ಯಾವ ಕಂಪೆನಿಯ ಪೆಟ್ಟಿಗೆಯಾದರೂ ಒಳಗಿರುವುದು ಒಂದೇ ಎಂಬುದು ಆಗಿನ ಅಭಿಪ್ರಾಯ. ಲೆಗ್ ಮೇಸನ್ ಸಂಸ್ಥೆಯ ನಿಧಿ ನಿರ್ವಾಹಕ ಬಿಲ್ ಮಿಲ್ಲರ್ 1996ರಲ್ಲಿ ಡೆಲ್ ಷೇರುಗಳನ್ನು ಕೊಂಡಾಗ, ಇಷ್ಟು ಏರಿದ್ದು ಸಾಕು, ಮಾರಿಬಿಡಿ ಎಂದವರು ಬಹಳ. ಮಿಲ್ಲರ್ ಮಾತ್ರ ತೊಡಗಿಸಿದ ಬಂಡವಾಳದ ಮೇಲೆ ಬರುವ ಪ್ರತಿಫಲವನ್ನು ನೋಡಿದರು. ಡೆಲ್‌ನಲ್ಲಿ ತೊಡಗಿಸಬೇಕಾದ ಬಂಡವಾಳವೇ ಕಡಿಮೆಯಾಗುತ್ತಾ ಬಂದುದರಿಂದ ಆ ದಶಕದ ಕೊನೆಗೆ ಪ್ರತಿಫಲ ನೂರಕ್ಕೆ ನೂರನ್ನೂ ದಾಟಿತ್ತು. ಮಾರದೆ ಕಾದ ಅವರು ಅಪಾರ ಲಾಭ ಗಳಿಸಿದರು.

ಷೇರು ಏರಿದಂತೆ ಕಂಪೆನಿ ಅದನ್ನು ವಿಭಜಿಸುತ್ತಾ ಹೋಯಿತು. 1992ರಿಂದ 1999ರ ನಡುವೆ ಏಳು ಬಾರಿ ವಿಭಜನೆಯಾಗಿ 1988ರ ಒಂದು ಷೇರು 96 ಷೇರುಗಳಾದವು. 2000ದ ಮಾರ್ಚ್‌ನಲ್ಲಿ ಒಂದೊಂದರ ಬೆಲೆ 58 ಡಾಲರ್ ಮುಟ್ಟಿತು. ಎಂಟೂವರೆ ಡಾಲರ್ ಸುಮಾರು 5,500 ಡಾಲರ್ ಆಗಿತ್ತು. ಹನ್ನೆರಡು ವರ್ಷಗಳಲ್ಲಿ ಸುಮಾರು 650 ಪಟ್ಟು!

ಎಚ್ಚರಿಕೆಯ ಪಕ್ಷದವರು ಆಗ ಇನ್ನೊಂದು ಲೆಕ್ಕ ತೋರಿಸಿದರು. ಷೇರುಪೇಟೆ ಇಡೀ ಕಂಪೆನಿಗೆ ಕಟ್ಟಿದ್ದ ಬೆಲೆ ಸುಮಾರು 15,000 ಕೋಟಿ ಡಾಲರ್. ಅದರ ವಾರ್ಷಿಕ ನಿವ್ವಳ ಲಾಭ ಸುಮಾರು 167 ಕೋಟಿ ಡಾಲರ್. ಭಾಗಿಸಿದರೆ ಬರುವುದು 90. ಲಾಭ ಹಾಗೆಯೇ ಉಳಿದರೆ ಕೊಟ್ಟ ಬೆಲೆ ಲಾಭದ ರೂಪದಲ್ಲಿ ಹಿಂತಿರುಗಲು 90 ವರ್ಷ! ಆಶಾವಾದಿಗಳ ಉತ್ತರವೂ ಸಿದ್ಧವಿತ್ತು. ಲಾಭ ಹಾಗೆಯೇ ಏಕೆ ಉಳಿಯಬೇಕು, ಅದು ಬೆಳೆಯುತ್ತದೆ ಎಂದರು. ಈ ಮಾತೂ ಸುಳ್ಳಾಗಲಿಲ್ಲ.

ಇಂಥದೇ ವಾದ ಆ ವರ್ಷ ಬೆಂಗಳೂರಿನಲ್ಲೂ ನಡೆದಿತ್ತು. ಐಬಿಎಂ ಭಾರತ ಬಿಟ್ಟು ಹೋದ ಮೇಲೆ 1980ರ ದಶಕದ ಆರಂಭದಲ್ಲಿ ಕಂಪ್ಯೂಟರ್ ತಯಾರಿಕೆಗೆ ಇಳಿದ ವಿಪ್ರೊ, ಮುಂದೆ ತಂತ್ರಾಂಶದಲ್ಲಿ ಹೆಸರು ಮಾಡಿತು. 2000ದ ಫೆಬ್ರವರಿಯಲ್ಲಿ ಅದರ ಷೇರು ಹತ್ತು ಸಾವಿರ ರೂಪಾಯಿಯ ಸಮೀಪಕ್ಕೆ ಹೋಯಿತು. ಮುಂದಿನ ಒಂದೂವರೆ ವರ್ಷದಲ್ಲಿ ಆ ಬೆಲೆಯ ಬಹುಭಾಗ ಕರಗಿತು. ಕಂಪೆನಿಯ ವಹಿವಾಟು ಮಾತ್ರ ಆ ಅವಧಿಯಲ್ಲೂ ಬೆಳೆಯುತ್ತಲೇ ಇತ್ತು. ಅದು ಪರ್ಸನಲ್ ಕಂಪ್ಯೂಟರ್ ತಯಾರಿಕೆಯನ್ನು ನಿಲ್ಲಿಸಿದ್ದು 2013ರಲ್ಲಿ.

ಲಾಭ ಏರಿತು, ಷೇರು ಇಳಿಯಿತು

ಡೆಲ್‌ನ ಕಥೆಯೂ ಹಾಗೆಯೇ ಆಯಿತು. 2006ರ ಆರಂಭಕ್ಕೆ ಮುಗಿದ ವರ್ಷದಲ್ಲಿ ಅದರ ನಿವ್ವಳ ಲಾಭ ಸುಮಾರು 357 ಕೋಟಿ ಡಾಲರ್. ಆರು ವರ್ಷಗಳಲ್ಲಿ ಎರಡು ಪಟ್ಟಿಗೂ ಹೆಚ್ಚು. ಆದರೆ ಷೇರಿನ ಬೆಲೆ ಸುಮಾರು 30 ಡಾಲರ್‌ಗೆ ಇಳಿದಿತ್ತು. 2000ದ ಮಾರ್ಚ್‌ನಲ್ಲಿ ಕೊಂಡವನು ಕಂಪೆನಿಯ ಬಗ್ಗೆ ಸರಿಯಾಗಿಯೇ ಊಹಿಸಿದ್ದ. ಆದರೂ ಅರ್ಧದಷ್ಟು ಹಣ ಕಳೆದುಕೊಂಡ. ಮುಂದಿನ ಆರು ವರ್ಷಗಳ ಬೆಳವಣಿಗೆಯ ಬೆಲೆಯನ್ನು ಅವನು ಮೊದಲ ದಿನವೇ ತೆತ್ತುಬಿಟ್ಟಿದ್ದ. ಅದಕ್ಕೂ ಮುಂದಿನದಕ್ಕೂ ಸೇರಿಸಿ ತೆತ್ತಿದ್ದ.

ಇನ್ನೊಂದು ಸ್ವಾರಸ್ಯವಿದೆ. 1997ರ ಅಕ್ಟೋಬರ್‌ನಲ್ಲಿ, ಸೋಲುತ್ತಿದ್ದ ಆಪಲ್ ಕಂಪೆನಿಯನ್ನು ಏನು ಮಾಡುತ್ತೀರಿ ಎಂದು ಸಭೆಯೊಂದರಲ್ಲಿ ಕೇಳಿದಾಗ, ಮುಚ್ಚಿ ಷೇರುದಾರರಿಗೆ ಹಣ ಹಿಂದಿರುಗಿಸುತ್ತಿದ್ದೆ ಎಂಬ ಅರ್ಥದ ಉತ್ತರವನ್ನು ಮೈಕೆಲ್ ಡೆಲ್ ಕೊಟ್ಟಿದ್ದರು. 2006ರ ಜನವರಿಯಲ್ಲಿ ಆಪಲ್‌ನ ಒಟ್ಟು ಷೇರು ಮೌಲ್ಯ 7,213 ಕೋಟಿ ಡಾಲರ್ ತಲುಪಿ, ಡೆಲ್‌ನ 7,197 ಕೋಟಿಯನ್ನು ಹಿಂದಿಕ್ಕಿತು. ಆ ವರ್ಷವೇ ಜಗತ್ತಿನ ಕಂಪ್ಯೂಟರ್ ಮಾರಾಟದಲ್ಲಿ ಮೊದಲ ಸ್ಥಾನವೂ ಎಚ್‌ಪಿ ಪಾಲಾಯಿತು.

ಕ್ರಮ ಅದೇ ಇದ್ದಾಗ ಕಾಲ ಬದಲಾಗಿತ್ತು. ಜನ ಮೇಜಿನ ಮೇಲಿಡುವ ಪೆಟ್ಟಿಗೆ ಬಿಟ್ಟು ಲ್ಯಾಪ್‌ಟಾಪ್ ಕಡೆ ತಿರುಗಿದರು. ಲ್ಯಾಪ್‌ಟಾಪನ್ನು ಪೆಟ್ಟಿಗೆಯಷ್ಟು ಸುಲಭವಾಗಿ ಗಿರಾಕಿಗೆ ಬೇಕಾದಂತೆ ಜೋಡಿಸಲಾಗದು. ತೈವಾನ್ ಮೂಲದ ಗುತ್ತಿಗೆ ತಯಾರಕರು ಅದನ್ನು ಎಲ್ಲ ಕಂಪೆನಿಗಳಿಗೂ ಮಾಡಿಕೊಡುತ್ತಿದ್ದರು. ಮೇಲಾಗಿ ಮನೆಗೆ ಕೊಳ್ಳುವವನು ಅದನ್ನು ಮುಟ್ಟಿ, ಎತ್ತಿ, ತೂಕ ನೋಡಿ ಕೊಳ್ಳಲು ಬಯಸುತ್ತಾನೆ. ಅಂಗಡಿ ಬೇಡವೆಂದು ಗೆದ್ದ ಕಂಪೆನಿಗೆ ಈಗ ಅಂಗಡಿ ಇಲ್ಲದ್ದೇ ಕೊರತೆಯಾಯಿತು.

ನೇರ ಮಾರಾಟವೆಂದರೆ ನೇರ ದೂರು ಕೂಡ. ಮಧ್ಯದಲ್ಲಿ ಅಂಗಡಿಯವನಿಲ್ಲದ ಕಾರಣ ಯಂತ್ರ ಕೆಟ್ಟರೆ ಗಿರಾಕಿ ಕಂಪೆನಿಗೇ ದೂರವಾಣಿ ಮಾಡಬೇಕು. ಆ ಕರೆಗಳಿಗೆ ಉತ್ತರಿಸುವ ಕೇಂದ್ರವನ್ನು ಡೆಲ್ 2001ರಲ್ಲಿ ಬೆಂಗಳೂರಿನಲ್ಲಿ ತೆರೆಯಿತು. ನಗರದ ಸಾವಿರಾರು ಯುವಕ ಯುವತಿಯರಿಗೆ ರಾತ್ರಿ ಪಾಳಿಯ ಕೆಲಸ ಸಿಕ್ಕಿತು. 2003ರ ನವೆಂಬರ್‌ನಲ್ಲಿ ಅಮೆರಿಕದ ಗಿರಾಕಿಗಳು ಆಕ್ಷೇಪಿಸಿದ ಮೇಲೆ, ದೊಡ್ಡ ಸಂಸ್ಥೆಗಳ ಕೆಲವು ಯಂತ್ರಗಳ ಕರೆಗಳನ್ನು ಕಂಪೆನಿ ಮತ್ತೆ ಅಮೆರಿಕಕ್ಕೇ ತಿರುಗಿಸಿತು. ಉಳಿದ ಕೆಲಸ ಇಲ್ಲೇ ಮುಂದುವರಿಯಿತು. ಸೇವೆಯಲ್ಲಿ ಉಳಿಸಿದ ಹಣ ಗಿರಾಕಿಯ ಮನಸ್ಸಿನಲ್ಲಿ ಕಳೆದುಹೋಗಬಹುದು ಎಂಬುದನ್ನು ಷೇರುದಾರರು ಆಗ ಕಂಡರು.

ಲಾಭದೊಳಗೆ ಬೆರೆತಿದ್ದ ಹಣ

ಆದರೆ ಹೂಡಿಕೆದಾರರು ವಾದಿಸುತ್ತಿದ್ದಾಗ ಅವರ ಕಣ್ಣಿಗೆ ಬೀಳದಿದ್ದ ಸಂಗತಿಯೊಂದಿತ್ತು. 2010ರ ಜುಲೈನಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗ ಅದನ್ನು ಬಹಿರಂಗಪಡಿಸಿತು. ಪ್ರತಿಸ್ಪರ್ಧಿ ಎಎಂಡಿಯ ಪ್ರೊಸೆಸರುಗಳನ್ನು ಬಳಸದೆ ತನ್ನವನ್ನೇ ಬಳಸುವುದಕ್ಕಾಗಿ ಇಂಟೆಲ್ ಕಂಪೆನಿ ಡೆಲ್‌ಗೆ ಭಾರಿ ಮೊತ್ತ ಕೊಡುತ್ತಿತ್ತೆಂದೂ ಡೆಲ್ ಅದನ್ನು ಷೇರುದಾರರಿಗೆ ತಿಳಿಸಲಿಲ್ಲವೆಂದೂ ಆಯೋಗ ಆರೋಪಿಸಿತು. ಆ ಪಾವತಿ 2003ರ ಲೆಕ್ಕವರ್ಷದಲ್ಲಿ ಡೆಲ್‌ನ ಕಾರ್ಯಾಚರಣೆ ಲಾಭದ ಶೇ 10ರಷ್ಟಿತ್ತು. 2006ರ ವೇಳೆಗೆ ಶೇ 38. 2007ರ ಲೆಕ್ಕವರ್ಷದ ಮೊದಲ ತ್ರೈಮಾಸಿಕದಲ್ಲಿ ಶೇ 76! ಈ ಹಣವಿಲ್ಲದಿದ್ದರೆ 2002ರಿಂದ 2006ರವರೆಗಿನ ಲೆಕ್ಕವರ್ಷಗಳ ಪ್ರತಿ ತ್ರೈಮಾಸಿಕದಲ್ಲೂ ಕಂಪೆನಿ ವಿಶ್ಲೇಷಕರ ನಿರೀಕ್ಷೆಯನ್ನು ಮುಟ್ಟುತ್ತಿರಲಿಲ್ಲ ಎಂದೂ ಆಯೋಗ ಹೇಳಿತು. ಆರೋಪವನ್ನು ಒಪ್ಪದೆಯೂ ನಿರಾಕರಿಸದೆಯೂ ಡೆಲ್ 10 ಕೋಟಿ ಡಾಲರ್ ದಂಡ ಕಟ್ಟಿ ವ್ಯಾಜ್ಯ ಮುಗಿಸಿಕೊಂಡಿತು.

ನೇರ ಮಾರಾಟದ ಜಾಣ್ಮೆಯಿಂದ ಬಂದ ಲಾಭವೆಂದು ಜಗತ್ತು ಹೊಗಳಿದ್ದರಲ್ಲಿ ಒಂದು ಪಾಲು ಚಿಪ್ ತಯಾರಕ ಕೊಟ್ಟ ಹಣವಾಗಿತ್ತು. ವ್ಯಾಪಾರದ ಕ್ರಮವನ್ನು ಹೊಗಳುವವರೂ ತೆಗಳುವವರೂ ಒಂದೇ ಅಪೂರ್ಣ ಲೆಕ್ಕಪಟ್ಟಿಯನ್ನು ಇಟ್ಟುಕೊಂಡು ವಾದಿಸುತ್ತಿದ್ದರು.

ತೊಟ್ಟಿಯ ನೀರು

ಮೈನಸ್ ಚಕ್ರಕ್ಕೆ ಇನ್ನೊಂದು ಗುಣವೂ ಇದೆ. ನಲ್ಲಿಯಿಂದ ನೀರು ಬೀಳುತ್ತಿರುವ, ತಳದಲ್ಲಿ ತೂತಿರುವ ತೊಟ್ಟಿಯನ್ನು ಕಲ್ಪಿಸಿಕೊಳ್ಳಿ. ನಲ್ಲಿ ಗಿರಾಕಿಯ ಹಣ, ತೂತು ಸರಬರಾಜುದಾರನ ಬಾಕಿ. ಇವತ್ತು ಹೊರಹೋಗುವುದು ಎರಡು ತಿಂಗಳ ಹಿಂದಿನ ಖರೀದಿಯ ಹಣ. ನಲ್ಲಿ ದಿನೇದಿನೇ ಜೋರಾಗುತ್ತಿದ್ದರೆ ತೊಟ್ಟಿ ತುಂಬುತ್ತಲೇ ಇರುತ್ತದೆ. ನಲ್ಲಿ ಸಣ್ಣದಾದ ದಿನ ತೂತು ಸಣ್ಣದಾಗುವುದಿಲ್ಲ. ಹಳೆಯ ದೊಡ್ಡ ಬಾಕಿಗಳು ಹೊರಹೋಗುತ್ತಲೇ ಇರುತ್ತವೆ. ತೊಟ್ಟಿಯ ಮಟ್ಟ ಸರಸರನೆ ಇಳಿಯುತ್ತದೆ.

2008ರ ಆರ್ಥಿಕ ಕುಸಿತದಲ್ಲಿ ಇದು ಕಂಡುಬಂತು. ಡೆಲ್‌ನ ವ್ಯವಹಾರದಿಂದ ಬಂದ ನಗದು ಒಂದೇ ವರ್ಷದಲ್ಲಿ ಸುಮಾರು 390 ಕೋಟಿ ಡಾಲರ್‌ನಿಂದ 190 ಕೋಟಿ ಡಾಲರ್‌ಗೆ ಇಳಿಯಿತು. ಅಷ್ಟರಲ್ಲಾಗಲೇ ಕಂಪೆನಿ ತನ್ನ ಹಳೆಯ ವ್ರತವನ್ನು ಮುರಿದಿತ್ತು. 2007ರಲ್ಲಿ ಮೈಕೆಲ್ ಡೆಲ್ ಮತ್ತೆ ಮುಖ್ಯಾಧಿಕಾರಿಯಾಗಿ ಬಂದು ವಾಲ್‌ಮಾರ್ಟ್ ಮಳಿಗೆಗಳಲ್ಲಿ ಯಂತ್ರಗಳನ್ನು ಇಡಿಸಿದರು. ಆ ವರ್ಷ ಚೆನ್ನೈ ಬಳಿಯ ಶ್ರೀಪೆರುಂಬುದೂರಿನಲ್ಲಿ ಕಾರ್ಖಾನೆ ಆರಂಭವಾಯಿತು. 2008ರಲ್ಲಿ ಭಾರತದ ಮಳಿಗೆಗಳಲ್ಲೂ ಡೆಲ್ ಕಾಣಿಸಿಕೊಂಡಿತು.

2013ರಲ್ಲಿ ಮೈಕೆಲ್ ಡೆಲ್ ಮತ್ತು ಸಿಲ್ವರ್ ಲೇಕ್ ಸಂಸ್ಥೆ ಸೇರಿ, ಒಂದು ಷೇರಿಗೆ 13.75 ಡಾಲರ್ ಕೊಟ್ಟು ಇಡೀ ಕಂಪೆನಿಯನ್ನು ಪೇಟೆಯಿಂದ ಹೊರತೆಗೆದರು. ಒಟ್ಟು ಮೊತ್ತ ಸುಮಾರು 2,490 ಕೋಟಿ ಡಾಲರ್. ಅಂದರೆ 2000ದ ಶಿಖರದ ಆರನೇ ಒಂದು ಪಾಲು. ಈಗ ವಾದ ತಲೆಕೆಳಗಾಯಿತು. ಬೆಲೆ ಹೆಚ್ಚಾಯಿತು ಎನ್ನುವವರ ಜಾಗದಲ್ಲಿ ಬೆಲೆ ಕಡಿಮೆಯಾಯಿತು ಎನ್ನುವವರು ಎದ್ದರು. ಹೂಡಿಕೆದಾರ ಕಾರ್ಲ್ ಐಕಾನ್ ಬಹಿರಂಗವಾಗಿ ವಿರೋಧಿಸಿದರು. ಕೆಲವು ಷೇರುದಾರರು ಡೆಲಾವೇರ್ ನ್ಯಾಯಾಲಯಕ್ಕೆ ಹೋದರು. 2016ರಲ್ಲಿ ನ್ಯಾಯಾಧೀಶರು ನ್ಯಾಯವಾದ ಬೆಲೆ 17.62 ಡಾಲರ್ ಎಂದರು. 2017ರ ಡಿಸೆಂಬರ್‌ನಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ರದ್ದುಪಡಿಸಿ, ಪೇಟೆಯ ಬೆಲೆಗೆ ಹೆಚ್ಚು ಮನ್ನಣೆ ಕೊಡಬೇಕಿತ್ತೆಂದಿತು. ಒಂದೇ ಕಂಪೆನಿ, ಒಂದೇ ಲೆಕ್ಕಪುಸ್ತಕ. ಕಲಿತ ನ್ಯಾಯಾಧೀಶರಿಗೇ ಅದರ ಬೆಲೆಯಲ್ಲಿ ಒಮ್ಮತವಿರಲಿಲ್ಲ.

2018ರ ಡಿಸೆಂಬರ್‌ನಲ್ಲಿ ಡೆಲ್ ಮತ್ತೆ ಪೇಟೆಗೆ ಬಂತು. 2024ರಲ್ಲಿ ಕೃತಕ ಬುದ್ಧಿಮತ್ತೆಗೆ ಬೇಕಾದ ಸರ್ವರ್‌ಗಳ ಬೇಡಿಕೆಯಿಂದ ಅದರ ಷೇರು ಮತ್ತೆ ಜಿಗಿಯಿತು. ಹೊಸ ಪೀಳಿಗೆಯ ಹೂಡಿಕೆದಾರರು ಹಳೆಯ ಪ್ರಶ್ನೆಯನ್ನೇ ಮತ್ತೆ ಕೇಳಿದರು: ಬೆಳವಣಿಗೆ ನಿಜ, ಆದರೆ ಬೆಲೆ?

ಪೀಣ್ಯದ ದಿನಗಳ ಲೆಕ್ಕ

ಈಗ ಮೊದಲ ಪ್ರಶ್ನೆ. ಡೆಲ್‌ನ ಲೆಕ್ಕದಲ್ಲಿದ್ದ 73 ದಿನಗಳು ಎಲ್ಲಿಂದ ಬಂದವು? ಬಿಡಿಭಾಗ ಕೊಟ್ಟವನು 73 ದಿನ ಕಾದುದರಿಂದ ಬಂದವು. ಒಬ್ಬನ ಮೈನಸ್ 37ರ ಹಿಂದೆ ಇನ್ನೊಬ್ಬರ ಪ್ಲಸ್ ಇದ್ದೇ ಇರುತ್ತದೆ. ಜಗತ್ತಿನ ದೊಡ್ಡ ಚಿಪ್ ಕಂಪೆನಿಗಳು ಆ ಕಾಯುವಿಕೆಯನ್ನು ತಾಳಿಕೊಳ್ಳಬಲ್ಲವು. ಪೀಣ್ಯ, ಹೆಗ್ಗನಹಳ್ಳಿಯ ಶೆಡ್ಡುಗಳ ಪಾಡು ಬೇರೆ.

ಉದಾಹರಣೆಗೆ, ಒಬ್ಬ ಲೇತ್ ಮಾಲೀಕ ಎರಡು ಲಕ್ಷ ರೂಪಾಯಿಯ ಉಕ್ಕಿನ ಸಲಾಕೆಗಳನ್ನು ನಗದು ಕೊಟ್ಟು ತರುತ್ತಾನೆ ಎಂದಿಟ್ಟುಕೊಳ್ಳಿ. ಹದಿನೈದು ದಿನ ಕೆಲಸ. ಮಾಲು ಕಳಿಸಿ ಬಿಲ್ ಕೊಟ್ಟ ಮೇಲೆ ದೊಡ್ಡ ಕಂಪೆನಿಯಿಂದ ಹಣ ಬರುವುದು 90 ದಿನಕ್ಕೆ. ಅಲ್ಲಿಗೆ 105 ದಿನ. ವರ್ಷಕ್ಕೆ ಶೇ 12ರ ಬಡ್ಡಿಯಲ್ಲಿ ಸಾಲ ತಂದಿದ್ದರೆ ಬಡ್ಡಿಯೇ ಸುಮಾರು 6,900 ರೂಪಾಯಿ. ಆ ಕೆಲಸದಲ್ಲಿ ಅವನಿಗೆ ಉಳಿಯಬೇಕಾದದ್ದು 20 ಸಾವಿರವಾದರೆ, ಮೂರನೇ ಒಂದು ಪಾಲನ್ನು ಕಾಯುವಿಕೆಯೇ ತಿಂದುಹಾಕಿತು. ಇದರ ಮೇಲೆ ಜಿಎಸ್‌ಟಿ ಇದೆ. ಗಿರಾಕಿ ಹಣ ಕೊಟ್ಟಿರಲಿ, ಬಿಡಲಿ, ಬಿಲ್ ಹಾಕಿದ ಮರುತಿಂಗಳೇ ಸರ್ಕಾರಕ್ಕೆ ತೆರಿಗೆ ಕಟ್ಟಬೇಕು.

ಆರ್ಡರು ಬಂದ ಮೇಲೆ ತಯಾರಿ ಎಂಬ ನಿಯಮದಲ್ಲಿ ಡೆಲ್‌ಗೂ ಈ ಮಾಲೀಕನಿಗೂ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಹಣ ಯಾರಿಂದ ಯಾರಿಗೆ, ಯಾವ ದಿನ ಹೋಗಬೇಕೆಂದು ಹೇಳುವ ಶಕ್ತಿಯಲ್ಲಿ. ಡೆಲ್‌ಗೆ ಲಕ್ಷಾಂತರ ಗಿರಾಕಿಗಳು. ಯಾರೊಬ್ಬರೂ ಅದರ ಕೈ ತಿರುಚಲಾರರು. ಲೇತ್ ಮಾಲೀಕನಿಗೆ ಒಂದೋ ಎರಡೋ ದೊಡ್ಡ ಗಿರಾಕಿಗಳು. ಅವರು ಹೇಳಿದ್ದೇ ಕರಾರು.

ಈ ಅಸಮತೆಯನ್ನು ತಗ್ಗಿಸಲು ಕಾನೂನೇನೋ ಇದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗೆ ಲಿಖಿತ ಕರಾರಿದ್ದರೂ 45 ದಿನಗಳೊಳಗೆ ಹಣ ಸಲ್ಲಬೇಕು. ಕರಾರಿಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2017ರಿಂದ ದೂರನ್ನು ‘ಸಮಾಧಾನ್’ ವ್ಯವಸ್ಥೆಯ ಮೂಲಕ ಮನೆಯಿಂದಲೇ ಸಲ್ಲಿಸಬಹುದು. ಆದರೆ ಇರುವ ಒಬ್ಬನೇ ದೊಡ್ಡ ಗಿರಾಕಿಯ ಮೇಲೆ ದೂರು ಕೊಟ್ಟು ಮರುದಿನ ಆರ್ಡರಿಗಾಗಿ ಅವನ ಬಾಗಿಲಿಗೆ ಹೋಗುವುದು ಹೇಗೆ? ಇದನ್ನು ಮನಗಂಡೋ ಏನೋ, 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ಆದಾಯ ತೆರಿಗೆ ತಿದ್ದುಪಡಿ ಬೇರೆ ದಾರಿ ಹಿಡಿಯಿತು. ಆ ಅವಧಿಯೊಳಗೆ ಸಣ್ಣ ಉದ್ದಿಮೆಗೆ ಹಣ ಕೊಡದ ಖರೀದಿದಾರ, ಕೊಟ್ಟ ವರ್ಷದಲ್ಲಿ ಮಾತ್ರ ಆ ಮೊತ್ತವನ್ನು ಖರ್ಚೆಂದು ತೋರಿಸಬಹುದು. ದೂರು ಕೊಡುವ ಹೊರೆ ಚಿಕ್ಕವನ ಮೇಲಿಂದ ಇಳಿದು, ತೆರಿಗೆಯ ಬಿಸಿ ದೊಡ್ಡವನಿಗೆ ತಟ್ಟಬೇಕೆಂಬುದು ಇದರ ಉದ್ದೇಶ. ಇದರ ಲಾಭ ಬೇಕಾದರೆ ಶೆಡ್ಡಿನ ಮಾಲೀಕ ಮೊದಲು ‘ಉದ್ಯಮ್’ ನೋಂದಣಿ ಮಾಡಿಸಿ, ಆ ಸಂಖ್ಯೆಯನ್ನು ಬಿಲ್ಲಿನ ಮೇಲೆ ಮುದ್ರಿಸಿ, ತನ್ನ ಹಕ್ಕನ್ನು ಖರೀದಿದಾರನಿಗೆ ತಿಳಿಸುವುದು ಒಳ್ಳೆಯದು.

ಕೊಳ್ಳುವ ಮುನ್ನ

1990ರ ದಶಕದಲ್ಲಿ ಭಾರತದ ಸಾಮಾನ್ಯ ಹೂಡಿಕೆದಾರ ಡೆಲ್‌ನ ಷೇರು ಕೊಳ್ಳುವಂತಿರಲಿಲ್ಲ. ಹೊರದೇಶಕ್ಕೆ ಹೀಗೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಅವಕಾಶ ಮಾಡಿಕೊಟ್ಟದ್ದು 2004ರ ಫೆಬ್ರವರಿಯಲ್ಲಿ. ಈಗ ಹೆಗ್ಗನಹಳ್ಳಿಯ ಗಾರ್ಮೆಂಟ್ ಕಾರ್ಖಾನೆಯ ಸೂಪರ್‌ವೈಸರನೂ ಮೊಬೈಲ್‌ನಲ್ಲಿ ಷೇರು ಕೊಳ್ಳಬಹುದು. ಯಾವುದೋ ಕಂಪೆನಿಯ ಹೊಸ ವ್ಯಾಪಾರ ಕ್ರಮ ಜಗತ್ತನ್ನೇ ಬದಲಾಯಿಸುತ್ತದೆ ಎಂಬ ಮಾತು ದಿನಕ್ಕೆ ಹತ್ತು ಬಾರಿ ಕಿವಿಗೆ ಬೀಳುತ್ತದೆ.

ಡೆಲ್‌ನ ಕಥೆ ಅಂಥವರಿಗೆ ಮೂರು ಪ್ರಶ್ನೆಗಳನ್ನು ಕಲಿಸುತ್ತದೆ. ಈ ಕಂಪೆನಿಯ ಲಾಭ ಅದರ ಕ್ರಮದಿಂದಲೇ ಬರುತ್ತಿದೆಯೇ, ಬೇರೆ ಯಾವುದಾದರೂ ಮೂಲದಿಂದ ಬೆರೆಯುತ್ತಿದೆಯೇ? ಅದರ ಕೈಯಲ್ಲಿರುವ ನಗದು ಅದರದೇ ಗಳಿಕೆಯೇ, ಸರಬರಾಜುದಾರ ಬಿಟ್ಟುಕೊಟ್ಟ ದಿನಗಳೇ? ಅದರ ಮುಂದಿನ ಬೆಳವಣಿಗೆಯಲ್ಲಿ ಎಷ್ಟನ್ನು ಇವತ್ತಿನ ಬೆಲೆಯಲ್ಲೇ ಸೇರಿಸಿ ವಸೂಲು ಮಾಡಲಾಗುತ್ತಿದೆ? ಮೊದಲೆರಡು ಪ್ರಶ್ನೆಗೆ ಉತ್ತರವನ್ನು ಕಂಪೆನಿಯ ವಾರ್ಷಿಕ ವರದಿಯಲ್ಲಿ ಹುಡುಕಬೇಕು. ಭಾರತದ ಕಂಪೆನಿಗಳು ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಎಷ್ಟು ಬಾಕಿ ಉಳಿಸಿಕೊಂಡಿವೆ ಎಂಬುದನ್ನು ತಮ್ಮ ಲೆಕ್ಕಪಟ್ಟಿಯಲ್ಲಿ ಬೇರೆಯಾಗಿಯೇ ತೋರಿಸಬೇಕೆಂಬ ನಿಯಮವಿದೆ. ಷೇರು ಕೊಳ್ಳುವವರು ಆ ಸಾಲನ್ನು ಓದುವುದು ಅಪರೂಪ. ಅದೊಂದು ಸಾಲಿನಲ್ಲಿ ಪೀಣ್ಯದಂಥ ಎಷ್ಟೋ ಊರುಗಳ ಎಷ್ಟೋ ಶೆಡ್ಡುಗಳ ಕಾಯುವ ದಿನಗಳು ಅಡಗಿರುತ್ತವೆ.

ಮೂರನೆಯ ಪ್ರಶ್ನೆಗೆ ಉತ್ತರ ಯಾವ ವರದಿಯಲ್ಲೂ ಇರುವುದಿಲ್ಲ. ಅದಕ್ಕೆ ಕಾಗದ, ಪೆನ್ಸಿಲ್ ಮತ್ತು ಒಂದು ಭಾಗಾಕಾರ ಸಾಕು. 2000ದ ಮಾರ್ಚ್‌ನಲ್ಲಿ ಆ ಭಾಗಾಕಾರದ ಉತ್ತರ 90 ಎಂದು ಬಂದಾಗ ಅದನ್ನು ನೋಡಿದವರು ಬಹಳ ಮಂದಿ ಇದ್ದರು, ನೋಡಿಯೂ ಕೊಂಡರು.